ಇಪ್ಪತ್ತೆರಡು ಕಿಲೋ ಅದಿರು

“ಓಡು! ಕುಂದ್ರಬ್ಯಾಡ, ಇನ್ನೂ ಓಡು!” ಎಂದು ಪ್ರಭಂಜನ ಸರ್ ಹಿಂದಿನಿಂದ ಕಿರುಚುತ್ತಿದ್ದರು. ಸೌಜನ್ಯ ಓಡುತ್ತಲೇ ಇದ್ದಳು. ಆದರೆ ಕಾಲ ಕೆಳಗಿನ ಗುಡ್ಡ ಮುಗಿದು ಆಗಲೇ ನಾಲ್ಕು ಮಾರಾಗಿತ್ತು. ಬರೀ ಗಾಳಿಯನ್ನು ಸೈಕಲ್ಲಿನಂತೆ ತುಳಿಯುತ್ತಿದ್ದೇನೆಂದು ಗೊತ್ತಾದಾಗ ಅವಳಿಗೆ ತಡೆಯಲಾರದಷ್ಟು ನಗು ಬಂತು.

ಇದುವರೆಗೆ ಮೂವತ್ತೊಂದು ಸಲ ಪ್ಯಾರಾಗ್ಲೈಡರ್‌ನಲ್ಲಿ ಹಾರಿದ್ದಳು. ಮೂವತ್ತೊಂದು ಸಲವೂ ಹಾರಲು ಕಲಿಸುವ ಸರ್ ಜೊತೆಗೇ, ಹಂಪಿಯ ಮಂಗನ ಮರಿ ತಾಯಿಯ ಹೊಟ್ಟೆ ಕಚ್ಚಿಕೊಂಡ ಹಾಗೆ. ಇವತ್ತು ಒಬ್ಬಳೇ. ಸಂಡೂರಿನ ಗುಡ್ಡದಿಂದ ಹಾರಿ, ಕೆಳಗೆ ಜೋಳದ ಕೂಳೆ ಹೊಲದಲ್ಲಿ ಹಾಸಿದ ಬಿಳಿ ಚಾದರದ ಮೇಲೆ ಇಳಿದರೆ ಇನ್ನು ಮುಂದೆ ಒಬ್ಬಳೇ ಹಾರಬಹುದು. ಇಳಿಯದಿದ್ದರೆ ಮತ್ತೆ ಆರು ತಿಂಗಳು ಮಂಗನ ಮರಿ.

ತೊಡಕೆಂದರೆ ತೂಕ. ಕಂಪ್ಲಿಯಲ್ಲಿ ಅಪ್ಪನ ಅಕ್ಕಿ ಗಿರಣಿಯ ತಕ್ಕಡಿ ಅವಳನ್ನು ನಲವತ್ತನಾಲ್ಕು ಕಿಲೋ ಎಂದಿತ್ತು. ಇಷ್ಟು ಹಗುರದವಳನ್ನು ಈ ಪ್ಯಾರಾಗ್ಲೈಡರ್ ತರಗೆಲೆಯಂತೆ ಒಯ್ದುಬಿಡುತ್ತದೆ. ಅದಕ್ಕೇ ಲಾರಿಗಳಿಂದ ರಸ್ತೆಗೆ ಉದುರಿದ ಕಬ್ಬಿಣದ ಅದಿರನ್ನು ಆರಿಸಿ, ಇಪ್ಪತ್ತೆರಡು ಕಿಲೋ ತೂಗಿ, ಗೊಬ್ಬರದ ಚೀಲದಲ್ಲಿ ಸೀಟಿನಡಿ ಕಟ್ಟಿಕೊಂಡಿದ್ದಳು. ಬೇರೆ ಕಲ್ಲಾದರೆ ಚೀಲ ಎರಡರಷ್ಟು ದೊಡ್ಡದಾಗುತ್ತಿತ್ತು.

ಚಾದರ ಕಂಡಿತು. ಅಂಗೈಯಗಲ, ಬೆಳ್ಳಗೆ. ಅಷ್ಟರಲ್ಲಿ ಎಡಕ್ಕೆ ಬಿಸಿಲಲ್ಲಿ ಕಾದ ಗಣಿಯ ಹೊಂಡದಿಂದ ಬಿಸಿಗಾಳಿಯೊಂದು ಬುಸ್ಸೆಂದು ಎದ್ದು ಅವಳನ್ನು ಮೇಲಕ್ಕೆತ್ತಿತು. ಹೊಟ್ಟೆ ಕೆಳಗೇ ಉಳಿಯಿತು, ಅವಳು ಮೇಲೆ ಹೋದಳು.

“ಬಲಕ್ಕ! ಚಾದರ ಬಲಕ್ಕೈತಿ!” ಎಂದಿತು ಎದೆಯ ಮೇಲಿನ ವಾಕಿಟಾಕಿ.

ಸೌಜನ್ಯ ಎಡಗಡೆಯ ಹಗ್ಗ ಎಳೆದಳು.

ಸುತ್ತಿದಳು, ಇನ್ನೊಂದು ಸುತ್ತು ಸುತ್ತಿದಳು. ಉತ್ತರಕ್ಕೆ ಡ್ಯಾಮಿನ ನೀರು ತೊಳೆದಿಟ್ಟ ತಟ್ಟೆ. ಕೆಳಗೆ ಯಶವಂತನಗರದ ದಾರಿಯುದ್ದಕ್ಕೂ ಕೆಂಪು ಲಾರಿಗಳು, ಸಾಲಿಗೆ ಕೊನೆಯೇ ಇಲ್ಲ. “ಹಾರ್ನ್ ಹೊಡೀರೋ!” ಎಂದು ಕೂಗಿದಳು. ಕೇಳಿಸಿತೋ ಬಿಟ್ಟಿತೋ, ಒಬ್ಬ ಹೊಡೆದ, ಹಿಂದಿನವನು ಹೊಡೆದ, ಆಮೇಲೆ ಇಡೀ ಸಾಲೇ ಬೊಬ್ಬೆ ಹೊಡೆಯಿತು. ಅವಳು ನಕ್ಕೂ ನಕ್ಕೂ ಬಿಕ್ಕಿದಳು.

ಬಿಸಿಗಾಳಿ ಕೈಬಿಟ್ಟಾಗ ಚಾದರ ದೂರವಾಗಿತ್ತು. ಗಣಿಯ ಗೇಟಿನ ಒಳಗಡೆ, ಕೆಂಪು ಧೂಳಿನಲ್ಲಿ ದೊಪ್ಪೆಂದು ಕೂತಳು. ಚೀಲ ಹರಿದು ಅದಿರು ಉರುಳಿತು.

ಗೇಟ್ ಕಾಯುವ ಕೆಂಚಣ್ಣ ರಿಜಿಸ್ಟರ್ ಹಿಡಿದು ಓಡಿಬಂದ. ಮೊದಲು ಅವಳನ್ನು ನೋಡಿದ, ಆಮೇಲೆ ಅದಿರನ್ನು.

“ಪರ್ಮಿಟ್ ಎಲ್ಲೈತ್ರಿ?”

“ಏನ್ ಪರ್ಮಿಟ್ ಅಣ್ಣಾ?”

“ಪರ್ಮಿಟ್ ಇಲ್ದ ಅದಿರಿನ ಒಂದು ಹಳ್ಳೂ ಈ ಗೇಟ್ ದಾಟಂಗಿಲ್ರಿ. ಗಾಡಿ ನಂಬರ್ ಹೇಳ್ರಿ.”

“ಗಾಡಿ ಎಲ್ಲೈತಣ್ಣಾ? ಇದು ಬಟ್ಟಿ!”

“ಟೈರ್ ಎಷ್ಟು?”

“ಎರಡು ಕಾಲು ಅಂತ ಬರ್ಕೊಳ್ಳೋ ಕೆಂಚಣ್ಣಾ!” ಎಂದ ಒಬ್ಬ ಲಾರಿ ಡ್ರೈವರ್ ಕಿಟಕಿಯಿಂದ. “ಎಲ್ಲಾರೂ ಅದಿರು ಹಡಗಿನಾಗ ಚೀನಾಕ್ಕ ಕಳಸ್ತಾರ, ಇಕಿ ನೆಟ್ಟಗ ಹಾರ್ಕೊಂತ ಹೊಂಟಾಳ!”

ಕೆಂಚಣ್ಣ ಪೆನ್ನು ಕಚ್ಚಿಕೊಂಡು ಯೋಚಿಸುತ್ತಿರುವಾಗಲೇ ಪ್ರಭಂಜನ ಸರ್ ಬೈಕಿನಲ್ಲಿ ಬಂದರು. ಹುಬ್ಬಿನವರೆಗೂ ಧೂಳು.

“ಚಾದರ ಕಾಣ್ಲಿಲ್ಲೇನು?”

“ಕಂಡಿತ್ರಿ.”

“ಮತ್ತ?”

“ಗಾಳಿ ಎತ್ತಿತ್ರಿ ಸರ್. ಹೋಗಿಬಿಟ್ಟೆ.”

ಸರ್‌ಗೂ ನಗು ಬಂತು. ಮೀಸೆ ತೀಡಿ ನುಂಗಿಕೊಂಡರು. “ಮಾತು ಅಂದ್ರ ಮಾತು. ಇನ್ನಾರು ತಿಂಗಳು ನನ್ನ ಜೋಡಿನ. ಮಾರಿ ಸಣ್ಣದು ಮಾಡಬ್ಯಾಡ, ಸಂಜಿ ಗಾಳಿ ಮಸ್ತ್ ಇರ್ತತಿ, ಇಬ್ಬರು ಕೂಡಿ ಹಾರೋ ರೆಕ್ಕಿ ತಂದೀನಿ. ಕಲ್ಲೂ ಬ್ಯಾಡ, ಚೀಲಾನೂ ಬ್ಯಾಡ. ತೂಕಕ್ಕ ನಾನಿರ್ತೀನಲ್ಲ!”

ಕೆಂಚಣ್ಣ ಸಮಾಧಾನದಿಂದ ರಿಜಿಸ್ಟರ್ ಮುಚ್ಚಿದ. “ಹಂಗ ಮಾಡವ್ವಾ. ಕಲ್ಲು ಇಲ್ಲೇ ಬಿಡು, ನನಗೂ ಬರಿಯೋದು ತಪ್ತತಿ.”

“ನಡಿ, ಜಲ್ದಿ,” ಎಂದರು ಸರ್, ಬೈಕಿನ ಹಿಂದಿನ ಸೀಟು ಒರೆಸುತ್ತ.

“ಒಲ್ಲೆ, ಹಾರಿದ್ರ ಒಬ್ಬಾಕಿನ ಹಾರ್ತೀನಿ,” ಅಂದಳು ಸೌಜನ್ಯ.