ಉಸ್ ಎನ್ನುವ ಹೊಸ ಲಾರಿ

ಅರಿಕಾ ಬಂದರಿನ ಕಡಲಗಾಳಿ ಹಿಂದೆ ಉಳಿದು ರಸ್ತೆ ಬೋಳು ಗುಡ್ಡಗಳನ್ನು ಹತ್ತತೊಡಗಿದಾಗ ಹೊಸ ಲಾರಿ ಮೊದಲ ಸಲ ಉಸ್ ಎಂದಿತು. ಹಾವು ತುಳಿದವಳಂತೆ ಕಸಿಲ್ಡಾ ಪೆಡಲಿನಿಂದ ಕಾಲೆತ್ತಿದಳು.

"ಗಾಳಿ ಹೋಯ್ತು," ಎಂದಳು ಪಕ್ಕದಲ್ಲಿ ಕೋಕಾ ಎಲೆ ಅಗಿಯುತ್ತ ಕೂತಿದ್ದ ಅವಳ ಅತ್ತೆ ಸತುರ್ನಿನಾ. "ಯಾವುದೋ ಚಕ್ರದ್ದು."

"ಚಕ್ರದ್ದಾಗಿದ್ರೆ ಗಾಡಿ ಒಂದು ಕಡೆಗೆ ಎಳೀತಿತ್ತು ಅತ್ತೆ."

"ಹಂಗಾದ್ರೆ ಯಾತರದ್ದು?"

ಕಸಿಲ್ಡಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಈ ಲಾರಿಗಾಗಿ ಸತುರ್ನಿನಾ ತನ್ನ ಅಲ್ಪಾಕಾ ಮಂದೆಯನ್ನು ಪೂರ್ತಿ ಮಾರಿದ್ದಳು. ಲಾರಿ ಓಡಿಸಬೇಕಾದ ದೊಡ್ಡ ಮಗ, ಕಸಿಲ್ಡಾಳ ಗಂಡ, ಬೆನ್ನು ಹಿಡಿದು ಮಲಗಿದ್ದ. ಉಳಿದವರು ಇಬ್ಬರು: ಹತ್ತು ವರ್ಷ ಗಂಡನ ಜೊತೆ ಹಳೆಯ ಲಾರಿ ಓಡಿಸಿದ್ದ ಸೊಸೆ, ಮತ್ತು ಚಿಕ್ಕ ಮಗ ರುಫಿನೊ. ಮುದುಕಿ ಒಂದೇ ಮಾತು ಹೇಳಿದ್ದಳು: ಸಂಜೆ ಚುಂಗರಾದ ಗಡಿ ಗೇಟು ಮುಚ್ಚುವ ಮೊದಲು ಈ ಹಿಟ್ಟಿನ ಮೂಟೆಗಳು ಬೊಲಿವಿಯಾ ಕಡೆಗೆ ದಾಟಿದರೆ ಸ್ಟೇರಿಂಗ್ ಕಸಿಲ್ಡಾಳದ್ದು, ಇಲ್ಲದಿದ್ದರೆ ರುಫಿನೊನದ್ದು. ಆ ರುಫಿನೊ ಈಗ ಹಳೆಯ ಲಾರಿಯಲ್ಲಿ ಬೆನ್ನಿಗೇ ಬರುತ್ತಿದ್ದ.

ಹಳೆಯ ಲಾರಿಯ ಒಂದೊಂದು ಕೆಮ್ಮೂ ಕಸಿಲ್ಡಾಳಿಗೆ ಪರಿಚಿತ. ಇದರ ಭಾಷೆಯೇ ಬೇರೆ. ಏರು ಕಡಿದಾದಲ್ಲಿ ಮುಂಭಾಗದಲ್ಲಿ ಬಿರುಗಾಳಿ ಎದ್ದಂತೆ ಗರ್ಜನೆ ಶುರುವಾಯಿತು. ಅವಳು ಸ್ಟೇರಿಂಗ್ ಬಿಗಿಯಾಗಿ ಹಿಡಿದಳು. ಆದರೆ ಕಣ್ಣು ಮಾತ್ರ ಸುಮ್ಮನಿರಲಿಲ್ಲ. ಹಾಲು ಉಕ್ಕುತ್ತದೆಂದು ಒಲೆಯ ಮುಂದೆ ನಿಂತವಳ ಹಾಗೆ ಅವಳು ಮೀಟರುಗಳನ್ನು ಕಾಯುತ್ತಿದ್ದಳು. ಬಿಸಿಯ ಮುಳ್ಳು ಮೇಲೇರಿದಾಗ ಗರ್ಜನೆ ಬಂತು, ಮುಳ್ಳು ಇಳಿದಾಗ ತಾನಾಗಿಯೇ ನಿಂತಿತು. ಫ್ಯಾನು. ಬೇಕಾದಾಗಷ್ಟೇ ತಿರುಗುವ ಫ್ಯಾನು.

ಮತ್ತೆ ಉಸ್. ಈ ಸಲ ಅವಳು ಬ್ರೇಕಿನ ಗಾಳಿಯ ಮೀಟರು ನೋಡುತ್ತಿದ್ದಳು. ಮುಳ್ಳು ಮೇಲಿನ ಗೆರೆ ಮುಟ್ಟಿದ್ದೇ ತಡ, ಉಸ್. ಆಮೇಲೆ ತುಸು ಇಳಿದು ಮತ್ತೆ ಏರತೊಡಗಿತು. ಬೇಕೆಂದೇ ಎರಡು ಮೂರು ಸಲ ಬ್ರೇಕು ಒತ್ತಿದಳು. ಮುಳ್ಳು ಕೆಳಗೆ ಬಂತು, ಮೇಲೆ ಹೋಯಿತು, ಗೆರೆ ಮುಟ್ಟಿತು.

ಉಸ್.

ಕಸಿಲ್ಡಾಳ ಎದೆಯಲ್ಲಿ ಏನೋ ಕುಣಿಯಿತು. "ಅತ್ತೆ, ಅದು ಸೋರಿಕೆ ಅಲ್ಲ. ಟ್ಯಾಂಕಿಗೆ ಗಾಳಿ ತುಂಬಿದ ಮೇಲೆ ಒಳಗಿನ ತೇವ ಉಗುಳ್ತಾ ಇದೆ. ಈ ಮುಳ್ಳು ನೋಡಿ."

ಸತುರ್ನಿನಾ ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು ನಿದ್ದೆ ಬಂದವಳಂತೆ ಒರಗಿದ್ದಳು.

ಆದರೆ ಮೂರನೆಯ ಸಂಗತಿಯ ಹತ್ತಿರ ಕಸಿಲ್ಡಾಳ ಧೈರ್ಯ ಕೈಕೊಟ್ಟಿತು. ಮೀಟರುಗಳ ನಡುವೆ ಒಂದು ಹಳದಿ ದೀಪ ಹತ್ತಿತು, ಸುಟ್ಟ ವಾಸನೆ ಬಂತು, ಹಿಂದಿನಿಂದ ರುಫಿನೊ ಹಾರನ್ ಬಜಾಯಿಸಿದ. ಬದಿಗೆ ನಿಲ್ಲಿಸಿದಳು.

"ಅತ್ತಿಗೆ, ಒಳಗೇನು ಅಡುಗೆ ಇಟ್ಟಿದೀರಾ? ಸೀದು ಹೋದ ವಾಸನೆ," ಎಂದ ರುಫಿನೊ. "ಆಫ್ ಮಾಡಿ, ತಣ್ಣಗಾಗ್ಲಿ."

"ಈ ದೀಪ ಬಂದ್ರೆ ಓಡಿಸ್ತಾ ಇರಿ ಅಂತ ಗಾಡಿ ಕೊಟ್ಟವರು ಹೇಳಿದ್ರು."

"ಕೊಟ್ಟವರಿಗೇನು, ಮಾರಿಯಾಯ್ತು. ಅಮ್ಮನ ಮಂದೆ ಸುಟ್ಟು ಹೋದ್ರೆ ಅವರು ಬರ್ತಾರಾ?"

ಆಫ್ ಮಾಡಿದಳು. ಸಪಾವಿರಾದಲ್ಲಿ ಊಟದ ಅಂಗಡಿಯ ಮುಂದೆ ಮತ್ತೆ ಹಾಗೇ ಆಯಿತು, ಮತ್ತೆ ಆಫ್. ಸೂಪು ಅರ್ಧಕ್ಕೇ ಬಿಟ್ಟು ಎದ್ದಳು. ಪುತ್ರೆ ಊರಿನ ತಿರುವಿನಲ್ಲಿ ಮೂರನೆಯ ಸಲ ನಿಲ್ಲಿಸಿ ಹೊರಟಾಗ ದೀಪ ಮಿಟುಕತೊಡಗಿತು. ಲಾರಿ ಕಾಲೆಳೆದುಕೊಂಡು ಸಾಗಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.

ಮಿಟುಕುವ ದೀಪದ ಗುರುತಿನಲ್ಲಿ ಹೊಗೆಕೊಳವೆಯೊಳಗೆ ಚುಕ್ಕೆಗಳಿದ್ದವು; ಅದನ್ನು ನೋಡುತ್ತ ನೋಡುತ್ತ ಅವಳಿಗೆ ಹೊಳೆಯಿತು. ಲಾರಿ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಲು ಹೊರಟಾಗಲೆಲ್ಲ ತಾವೇ ಅದರ ಬಾಯಿ ಮುಚ್ಚಿದ್ದರು. ಇಲ್ಲದ ರೋಗಕ್ಕೆ ಹೆದರಿ ರೋಗ ತಂದುಕೊಂಡಿದ್ದರು.

ಏರಿನ ನೆತ್ತಿಯಲ್ಲಿ ದಾರಿಹೋಕರು ಪೇರಿಸಿದ ಕಲ್ಲುಗುಪ್ಪೆ ಇದೆ. ಹೊಸ ಗಾಡಿ ಅಲ್ಲಿ ನಿಂತು ಭೂತಾಯಿಗೆ ಮದ್ಯ ಎರೆಯದೆ ಮುಂದೆ ಹೋಗುವಂತಿಲ್ಲ. ಕಸಿಲ್ಡಾ ಅಲ್ಲಿಯೇ ನಿಲ್ಲಿಸಿ, ಕೈಬ್ರೇಕ್ ಹಾಕಿ, ಮಿಟುಕುವ ದೀಪದ ಗುರುತೇ ಇದ್ದ ಗುಂಡಿಯನ್ನು ಒತ್ತಿ ಹಿಡಿದಳು.

ನಿಂತಲ್ಲೇ ಎಂಜಿನ್ನು ದನಿ ಏರಿಸಿತು. ಯಾರೂ ಪೆಡಲ್ ತುಳಿದಿರಲಿಲ್ಲ. ಲಾರಿಗೆ ಕಟ್ಟಿದ್ದ ಬಣ್ಣದ ಕಾಗದದ ಮಾಲೆಗಳು ನಡುಗಿದವು. ಹೊಗೆಕೊಳವೆಯ ಸುತ್ತ ಗಾಳಿ ಬಿಸಿಗೆ ಅಲೆಯಲೆಯಾಗಿ ಕದಲಿತು.

ರುಫಿನೊ ಓಡಿ ಬಂದು ಮೆಟ್ಟಿಲು ಹತ್ತಿದ. "ಹುಚ್ಚು ಹಿಡಿದಿದೆ ಗಾಡಿಗೆ. ಕೀಲಿ ತಿರುಗಿಸಿ ಅತ್ತಿಗೆ, ಪಕ್ಕಕ್ಕೆ ಸರೀರಿ, ನಾನೇ ತಿರುಗಿಸ್ತೀನಿ."

ಅವಳು ಕೀಲಿಯ ಮೇಲೆ ಮುಷ್ಟಿ ಇಟ್ಟಳು. ಅಷ್ಟರಲ್ಲಿ ಕನ್ನಡಿಯಲ್ಲಿ ಅತ್ತೆ ಕಂಡಳು. ಆಗಲೇ ಕೆಳಗಿಳಿದಿದ್ದ ಅವಳು, ಎರೆಯಲು ತಂದ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದು, ನೆರಿಗೆಯ ಲಂಗ ಎತ್ತಿಕೊಂಡು, ನೇರ ಹೊಗೆಕೊಳವೆಯ ಪಕ್ಕದ ಚಕ್ರದ ಕಡೆ ನಡೆಯುತ್ತಿದ್ದಳು.

"ಬಾಯಾರಿದೆ ಇದಕ್ಕೆ," ಎನ್ನುತ್ತಿದ್ದಳು ಮುದುಕಿ. "ಅದಕ್ಕೇ ಕಿರುಚ್ತಿದೆ."

ಕಸಿಲ್ಡಾ ಕೀಲಿ ಬಿಟ್ಟು ಕೆಳಗೆ ಹಾರಿದಳು. ಬಾಟಲಿ ಬಾಗುವ ಮೊದಲು ಅತ್ತೆಯ ಮಣಿಕಟ್ಟು ಹಿಡಿದಳು. "ಇಲ್ಲಿ ಬೇಡ. ಕೆಂಡದ ಹಾಗೆ ಕಾದಿದೆ. ನಾವೂ ಉರೀತೀವಿ, ಲಾರೀನೂ ಉರಿಯುತ್ತೆ."

ಸೊಸೆ ಅತ್ತೆಯ ಕೈ ಹಿಡಿದದ್ದು ಅದೇ ಮೊದಲು. ಮೇಲೆ ರುಫಿನೊನ ಬೆರಳು ಕೀಲಿಯ ಮೇಲಿತ್ತು. "ಅಮ್ಮಾ, ಆಫ್ ಮಾಡ್ಲಾ?"

"ಅತ್ತೆ, ನಿಮ್ಮ ಒಲೆ ಕೊಳವೆಗೆ ಮಸಿ ಕಟ್ಟಿದ್ರೆ ಏನ್ಮಾಡ್ತೀರಿ?" ಕೇಳಿದಳು ಕಸಿಲ್ಡಾ, ಹಿಡಿದ ಮಣಿಕಟ್ಟು ಬಿಡದೆ.

"ಟೋಲಾ ಗಿಡದ ಕಡ್ಡಿ ತುರುಕಿ ಭರ್ರಂತ ಉರಿಸ್ತೀನಿ. ಮಸಿಯೆಲ್ಲ ಸುಟ್ಟು ಹೋಗುತ್ತೆ."

"ಅರ್ಧಕ್ಕೆ ಯಾರಾದ್ರೂ ನೀರು ಸುರಿದ್ರೆ?"

"ಮನೆ ತುಂಬ ಹೊಗೆ. ಸುರಿದವರ ಕೈ ಮುರೀತೀನಿ."

"ಬೆಳಗಿಂದ ಮೂರು ಸಲ ಸುರಿದಿದೀವಿ."

ಸತುರ್ನಿನಾ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಏರಿಳಿತವಿಲ್ಲದ, ಒಂದೇ ಸಮನಾದ ಸದ್ದು. ಮೂಗರಳಿಸಿ ವಾಸನೆ ನೋಡಿದಳು. ಬಾಟಲಿಗೆ ಮುಚ್ಚಳ ಹಾಕಿದಳು.

"ಲೋ ರುಫಿನೊ, ಇಳಿಯೋ ಕೆಳಗೆ."

"ಅಮ್ಮಾ, ಸುಟ್ಟು ಹೋದ್ರೆ?"

"ಮಂದೆ ನಂದು. ಇಳಿ."

ಕಾದರು. ಪರಿನಾಕೋಟಾ ಶಿಖರದ ಹಿಮದ ಮೇಲೆ ಬಿಸಿಲು ಕೆಂಪಾಯಿತು. ದಾಟಿ ಹೋದ ಲಾರಿಗಳವರು ಕೈಬೀಸಿ ನಕ್ಕರು. ಕಸಿಲ್ಡಾ ಒಮ್ಮೆ ಸೂರ್ಯನನ್ನು, ಒಮ್ಮೆ ದೀಪವನ್ನು ನೋಡುತ್ತ ಮತ್ತೆ ಸೀಟಿನಲ್ಲಿ ಕೂತಳು. ತಾನು ತಪ್ಪಿದ್ದರೆ ಸ್ಟೇರಿಂಗ್ ಮಾತ್ರವಲ್ಲ, ಅತ್ತೆಯ ಬದುಕೇ ಈ ಗುಡ್ಡದ ಮೇಲೆ ಕರಗಿಹೋಗುತ್ತದೆ.

ಆಮೇಲೆ, ಅತ್ತ ಮಗು ನಿದ್ದೆಗೆ ಜಾರುವಂತೆ, ಎಂಜಿನ್ನಿನ ದನಿ ಇಳಿಯಿತು. ದೀಪ ಆರಿತು.

ಸತುರ್ನಿನಾ ಕಲ್ಲುಗುಪ್ಪೆಯ ಬಳಿಗೆ, ಲಾರಿಯಿಂದ ದೂರಕ್ಕೆ ನಡೆದು, ಎರೆಯಬೇಕಾದದ್ದನ್ನು ಮಣ್ಣಿಗೆ ಎರೆದಳು. ಮತ್ತೆ ಬಂದು ಸೀಟಿಗೆ ಹತ್ತಿ, "ಏನು ನೋಡ್ತಾ ಕೂತೆ? ಹೊಡಿ," ಎಂದಳು.

ಕಸಿಲ್ಡಾ ಹೊಡೆದಳು. ಲಾರಿ ಬೆನ್ನಿನ ಹೊರೆ ಮರೆತಂತೆ ಎಳೆಯಿತು. ಸರೋವರದ ನೀರು ಮಿಂಚಿ ಹಿಂದಾಯಿತು, ಏರಿನಲ್ಲಿ ಫ್ಯಾನು ಗರ್ಜಿಸಿತು, ಅವಳು ಅದರ ಜೊತೆ ಹಾಡಬೇಕೆನ್ನುವಷ್ಟು ಉಬ್ಬಿದಳು. ಕನ್ನಡಿಯಲ್ಲಿ ರುಫಿನೊನ ಹಳೆಯ ಲಾರಿ ಚುಕ್ಕೆಯಾಯಿತು.

ಗೇಟಿನ ಕಾವಲುಗಾರ ಅಡ್ಡಕಂಬಕ್ಕೆ ಕೈಹಾಕಿ ನಿಂತಿದ್ದ. ಅವಳು ಉದ್ದಕ್ಕೆ ಹಾರನ್ ಒತ್ತಿದಳು. ಅವನು ಗೊಣಗಿಕೊಂಡು, ಮುಂದೆ ಬಾ ಎಂದು ಕೈ ಮಾಡಿದ. ಲಾರಿ ಕಂಬದಡಿ ದಾಟಿ, ಅವನ ಪಕ್ಕದಲ್ಲೇ ನಿಂತಿತು.

ಟೋಪಿ ಸರಿಸಿದ ಸತುರ್ನಿನಾಳ ಕಣ್ಣು ಮೀಟರಿನ ಮೇಲಿತ್ತು. ಬೆಳಗಿನಿಂದ ಆ ಟೋಪಿಯಡಿ ಅದು ಎಷ್ಟು ಸಲ ಅಲ್ಲಿಗೆ ಹೋಗಿತ್ತೋ. ಮೊಣಕೈಯಿಂದ ಸೊಸೆಯನ್ನು ತಿವಿದಳು. "ಮುಳ್ಳು ಗೆರೆ ಹತ್ರ ಬಂತು. ಈಗ ನೋಡು."

ಉಸ್.

ಕಾವಲುಗಾರ ಬೆಚ್ಚಿ ಹಿಂದೆ ಜಿಗಿದ. "ಅಮ್ಮಾ, ಗಾಳಿ ಸೋರ್ತಿದೆ, ಗಾಡಿ ಕೆಟ್ಟಿದೆ ನಿಮ್ಮದು."

"ಕೆಟ್ಟಿಲ್ಲ ಕಣಪ್ಪ," ಎಂದಳು ಮುದುಕಿ ಕಿಟಕಿಯಿಂದ ಬಾಗಿ. "ಹೊಟ್ಟೆ ತುಂಬಿ ತೇಗ್ತಿದೆ. ಇದರ ವಿಷಯ ಏನಿದ್ರೂ ನನ್ನ ಸೊಸೇನ ಕೇಳು."