ಷಡಕ್ಷರಪ್ಪನವರ ಸೊಂಟ, ಆಶಾರಾಣಿಯ ಕೈ

ಸೊಂಟ ಹಿಡಿಯದ ಮನೆ ನಮ್ಮ ಕಡೆ ಯಾವುದಿದೆ ಹೇಳಿ? ಕಣಕಟ್ಟೆಯ ಷಡಕ್ಷರಪ್ಪನವರಿಗೂ ಹಿಡಿಯಿತು. ಕೊಬ್ಬರಿಗೆಂದು ಅಟ್ಟದ ಮೇಲೆ ಒಣಗಲು ಬಿಟ್ಟ ಕಾಯಿಗಳನ್ನು ಬಗ್ಗಿಕೊಂಡು ಅಲ್ಲಾಡಿಸಿ ನೋಡುತ್ತಿದ್ದರು. ಮೇಲೇಳಲು ಹೋದಾಗ ಸೊಂಟದಲ್ಲಿ ಛಳಕ್ ಎಂದಿತು. ಅವರನ್ನು ಕೆಳಗಿಳಿಸುವಷ್ಟರಲ್ಲಿ ಹೆಂಡತಿ ಗುರುಸಿದ್ದಮ್ಮನಿಗೆ ಸಾಕುಸಾಕಾಯಿತು. ನಾಲ್ಕೈದು ದಿನ ಶಾಖ ಕೊಟ್ಟುಕೊಂಡ ಮೇಲೆ ಕೋಲು ಹಿಡಿದು ಓಡಾಡುವಂತಾದರು. ನೋವು ಮಾತ್ರ ಸೊಂಟ ಬಿಟ್ಟು ಎಡಗಾಲಿಗೆ ಇಳಿಯಿತು.

ಷಡಕ್ಷರಪ್ಪನವರು ಹೆದರುವ ಆಸಾಮಿಯಲ್ಲ. ಉಳುಕು ತೆಗೆಯುವುದರಲ್ಲಿ ಸುತ್ತಮುತ್ತ ಅವರದೇ ಹೆಸರು. ಯಾರ ಕೈ ಉಳುಕಲಿ, ಕಾಲು ಉಳುಕಲಿ, ಬಿಸಿ ಕೊಬ್ಬರಿ ಎಣ್ಣೆ ಹಚ್ಚಿ ನೀವಿ, ಮಾತಾಡಿಸುತ್ತಲೇ ಒಂದು ಸಲ ಜಗ್ಗಿಬಿಡುತ್ತಿದ್ದರು. ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಆದರೆ ತಮ್ಮ ಸೊಂಟವನ್ನು ತಾವೇ ಜಗ್ಗಿಕೊಳ್ಳಲು ಆಗುತ್ತದೆಯೇ? ಅದಕ್ಕೆ ಅವರು ನಂಬಿದ್ದ ಮದ್ದು ಬೇರೆ. ಕಾಲು ಮುಂದಾಗಿ ಹುಟ್ಟಿದವರು ಬೆನ್ನು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಅನ್ನುತ್ತಾರಲ್ಲ, ಅದು. ಊರಲ್ಲಿ ಹಾಗೆ ಹುಟ್ಟಿದವಳು ಭೀಮರಾಜನ ಮಗಳು ಆಶಾರಾಣಿ.

ಆಶಾರಾಣಿ ಚಿಕ್ಕವಳಿದ್ದಾಗ ಅವಳನ್ನು ಎತ್ತಿಕೊಂಡು ಹೋಗಿ ಬೆನ್ನು ತುಳಿಸಿಕೊಳ್ಳದವರೇ ಇಲ್ಲ. ಷಡಕ್ಷರಪ್ಪನವರೂ ತುಳಿಸಿಕೊಂಡು, ಕೈತುಂಬ ಕೊಬ್ಬರಿ ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ಮುಂದೆ ಅವಳು ಕಬಡ್ಡಿ ಆಟಗಾರ್ತಿಯಾದಾಗ ಸ್ವಂತ ಮೊಮ್ಮಗಳೇ ಆಡಿದಷ್ಟು ಬೀಗಿದರು. ಬೇಲೂರಿನ ಒಂದು ಪಂದ್ಯದಲ್ಲಿ ಮೊಣಕಾಲು ತಿರುಚಿ, ಕೊನೆಗೆ ಅವಳ ಆಟವೇ ನಿಂತಾಗ ಊಟ ಬಿಟ್ಟು ಕೂತಿದ್ದರು. ಈಗ ಅವಳು ಫಿಸಿಯೋಥೆರಪಿ ಓದಿ ಅರಸೀಕೆರೆಯಲ್ಲಿ ಕೆಲಸ ಮಾಡುತ್ತಾಳೆ. ಮೈ ನೀವಿ, ಒತ್ತಿ, ವ್ಯಾಯಾಮ ಮಾಡಿಸಿ ನೋವು ಕಳೆಯುವ ಕೆಲಸ. "ಮೈ ಒತ್ತೋದಕ್ಕೂ ಕಾಲೇಜು ಬೇಕೇನೇ" ಎಂದು ಷಡಕ್ಷರಪ್ಪನವರು ನಗುತ್ತಿದ್ದರು. ಅವಳ ಕಾಲಿನ ಮೇಲೆ ಅವರಿಗೆ ನಂಬಿಕೆ ಇತ್ತು, ಕೈಯ ಮೇಲೆ ಇರಲಿಲ್ಲ.

ಫೋನು ಹೋದದ್ದೇ ತಡ, ಆಶಾರಾಣಿ ಭಾನುವಾರ ಬೆಳಗ್ಗೆ ಬಸ್ಸಿಳಿದು ಬಂದಳು. ಷಡಕ್ಷರಪ್ಪನವರು ಆಗಲೇ ಚಾಪೆ ಹಾಸಿಕೊಂಡು ಬೋರಲು ಮಲಗಿದ್ದರು.

"ಬಾರವ್ವ. ಹತ್ತು ಬೆನ್ನ ಮ್ಯಾಲೆ. ಮೊದ್ಲು ತುಳೀತಿದ್ದಂಗೇ ತುಳಿ."

"ತಾತ, ಆಗ ನಾನು ಮಗು. ಈಗ ಒಂದು ಮೂಟೆ ತೂಕ ಇದೀನಿ. ಮೊದ್ಲು ಎದ್ದು ನಾಕು ಹೆಜ್ಜೆ ನಡೀರಿ, ನೋಡ್ತೀನಿ."

ಗೊಣಗಿಕೊಂಡೇ ಎದ್ದು ನಡೆದರು. ಎಡಪಾದದ ತುದಿ ನೆಲವನ್ನು ಸವರಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಗುರುಸಿದ್ದಮ್ಮ ಒಂಟಿ ಚಪ್ಪಲಿ ಹಿಡಿದುಕೊಂಡು ಒಳಗೆ ಬಂದರು.

"ನೋಡವ್ವ, ಎಡಗಾಲ ಚಪ್ಪಲೀನ ತೋಟದ ದಾರೀಲೇ ಬಿಟ್ಟು ಬಂದವ್ರೆ. ನಿನ್ನೇನೂ ಹಿಂಗೇ. ಮರೆವು ಜಾಸ್ತಿ ಆಗೈತೆ ಇವ್ರಿಗೆ."

ಆಶಾರಾಣಿಯ ಮುಖದ ನಗು ಮಾಯವಾಯಿತು. "ಚಪ್ಪಲಿ ಕಳಚಿದ್ದು ಗೊತ್ತೇ ಆಗ್ಲಿಲ್ವಾ ತಾತ?"

"ಇಲ್ಲ ಕಣವ್ವ. ಪಾದ ಜೋಮು ಹಿಡ್ದಂಗೈತೆ."

ಅವಳು ಅವರನ್ನು ಕೂರಿಸಿ, ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. "ಕಾಲಿನ ಹೆಬ್ಬೆರಳು ಮೇಲಕ್ಕೆತ್ತಿ."

"ಎತ್ತಿದ್ನಲ್ಲ."

"ಇಲ್ಲ ತಾತ. ಬಗ್ಗಿ ನೋಡಿ."

ನೋಡಿದರು. ಬೆರಳು ಇದ್ದಲ್ಲೇ ಇತ್ತು. ಮತ್ತೊಮ್ಮೆ ಮನಸ್ಸಿನಲ್ಲೇ ಶಕ್ತಿಯೆಲ್ಲ ಹಾಕಿ ಎತ್ತಿದರು. ಮಿಸುಕಲಿಲ್ಲ. 

"ಒಂದಕ್ಕೆ ಹೋಗೋಕೆ ಏನಾದ್ರೂ ತೊಂದ್ರೆ ಐತಾ? ನಾಚ್ಕೋಬೇಡಿ, ಹೇಳಿ."

"ಅದೆಲ್ಲ ಸರಿ ಐತೆ."

"ಸದ್ಯ. ಆದ್ರೂ ಇವತ್ತೇ ಹಾಸನಕ್ಕೆ ಹೋಗಿ ಡಾಕ್ಟ್ರಿಗೆ ತೋರಿಸ್ಬೇಕು. ನರಕ್ಕೆ ಏಟು ಬಿದ್ದಂಗೈತೆ. ನಾನು ಈಗ ಕಾಲೂ ಇಡಲ್ಲ, ಕೈಯೂ ಇಡಲ್ಲ."

ಷಡಕ್ಷರಪ್ಪನವರಿಗೆ ರೇಗಿತು. "ತುಳಿಯೋದೂ ಇಲ್ಲ, ಒತ್ತೋದೂ ಇಲ್ಲ. ಮತ್ತೇನ್ ಓದಿದ್ಯೇ ಇಷ್ಟ್ ವರ್ಷ? ಬಿಡು. ಹಾರನಹಳ್ಳಿ ಏಕಾಂತಯ್ಯನೂ ಕಾಲು ಮುಂದಾಗಿ ಹುಟ್ಟಿದೋನೇ. ಸಂಜೆಗೆ ಬತ್ತೀನಿ ಅಂದವ್ನೆ."

ಏಕಾಂತಯ್ಯ ಕಾಯಿ ಮೂಟೆಗಳನ್ನು ಒಬ್ಬನೇ ಲಾರಿಗೆ ಏರಿಸುವ ಆಳು. ಅವನು ಬೆನ್ನು ಹತ್ತುವುದನ್ನು ನೆನೆದೇ ಗುರುಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಶಾರಾಣಿ ಕೋಪ ಮಾಡಿಕೊಳ್ಳಲಿಲ್ಲ. ತನ್ನ ಮೊಣಕಾಲಿನ ಹೊಲಿಗೆಯ ಗುರುತು ತೋರಿಸಿದಳು. "ಬೇಲೂರಿಂದ ಬಂದಾಗ ಇದೇ ಜಾಗದಲ್ಲಿ ಕೂರಿಸ್ಕೊಂಡು ಎಳೆದ್ರಲ್ಲ ತಾತ, ನೆನಪೈತಾ?"

"ಯಾಕಿಲ್ಲ? ಮಾರನೇ ದಿನ ಓಡಾಡಿದ್ಯಲ್ಲ."

"ಓಡಾಡ್ದೆ. ವಾಸಿ ಆಯ್ತು ಅಂತ ಆಟಕ್ಕೂ ಇಳಿದೆ. ಮೂಳೆಗೆ ಮೂಳೆ ಹಿಡಿದಿಡೋ ಲಿಗಮೆಂಟು ಒಳಗೆ ಹರಿದಿತ್ತು. ಎಳೆದಿದ್ದಕ್ಕೆ, ಆಮೇಲೆ ಆಡಿದ್ದಕ್ಕೆ ಇನ್ನೂ ಕೆಟ್ಟೋಯ್ತು ಅಂದ್ರು ಡಾಕ್ಟ್ರು."

ಷಡಕ್ಷರಪ್ಪನವರು ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ಇಷ್ಟು ದಿನ ಯಾಕವ್ವ ಹೇಳ್ಲಿಲ್ಲ?"

"ನೀವು ಪ್ರೀತಿಯಿಂದ್ಲೇ ಎಳೆದ್ರಿ. ಅವತ್ತು ನನಗಿಂತ ಮೊದ್ಲು ನಿಮ್ಮ ಕಣ್ಣಲ್ಲೇ ನೀರು ಬಂದಿತ್ತು. ಈಗ ನಾನೂ ಪ್ರೀತಿಯಿಂದ್ಲೇ ನಿಮ್ಮ ಬೆನ್ನು ತುಳಿದ್ರೆ ಅದೇ ಆಗೋದು. ನನ್ನ ಆಟ ಹೋಯ್ತು ತಾತ. ನಿಮ್ಮ ನಡಿಗೆ ಹೋಗೋದು ಬೇಡ."

ಅವಳು ಮುಂದುವರಿಸಿದಳು. "ಆಪರೇಷನ್ ಆದ್ಮೇಲೆ ಕಾಲು ಊರೋಕೂ ಹೆದರ್ತಿದ್ದೆ. ಯಶೋಧರಾ ಮೇಡಂ ಅಂತ ಒಬ್ರು ದಿನಾ ವ್ಯಾಯಾಮ ಮಾಡಿಸಿ ನಡೆಸಿದ್ರು. ಆಡೋಕಾಗದಿದ್ರೆ ಬಿದ್ದೋರನ್ನ ಏಳಿಸೋದಾದ್ರೂ ಕಲೀತೀನಿ ಅಂತ ಅವತ್ತೇ ಅಂದ್ಕೊಂಡೆ. ಕಾಲೇಜಲ್ಲಿ ಯಾವಾಗ ಮುಟ್ಬಾರ್ದು ಅಂತ ಮೊದ್ಲು ಹೇಳ್ಕೊಟ್ರು. ಮುಟ್ಟೋದು ಆಮೇಲೆ."

"ಗುರುಸಿದ್ದಿ," ಎಂದರು ಷಡಕ್ಷರಪ್ಪನವರು ಮೆಲ್ಲಗೆ, "ಏಕಾಂತಯ್ಯಂಗೆ ಬರ್ಬೇಡ ಅಂತ ಫೋನ್ ಹಾಕು. ಕಾರಿಗೆ ಹೇಳು."

ಹಾಸನದಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು: ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕು ಜರುಗಿ ನರವನ್ನು ಒತ್ತುತ್ತಿತ್ತು. ಯಾರಾದರೂ ತುಳಿದಿದ್ದರೆ ಪಾದದ ಶಕ್ತಿಯೇ ಹೋಗಬಹುದಿತ್ತು ಎಂದರು ಡಾಕ್ಟರು. ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಚಿಕಿತ್ಸೆ ಕೊಟ್ಟರು. ಕೆಲವು ವಾರ ಕಳೆದ ಮೇಲೆ, ಇನ್ನು ಫಿಸಿಯೋಥೆರಪಿ ಶುರು ಮಾಡಿ ಎಂದು ಅವರೇ ಹೇಳಿದರು. ಅಂದಿನಿಂದ ಷಡಕ್ಷರಪ್ಪನವರು ಅರಸೀಕೆರೆ ಬಸ್ಸಿನ ಕಾಯಂ ಗಿರಾಕಿ. ಆಶಾರಾಣಿಯ ಹೆಬ್ಬೆರಳು ಸೊಂಟದ ಸ್ನಾಯುವಿನ ಗಂಟನ್ನು ಹುಡುಕಿ ಹಿಡಿದು ಹದವಾಗಿ ಒತ್ತಿದಾಗ ಅವರು ಕಣ್ಣು ಮುಚ್ಚಿಕೊಂಡೇ ಜೊತೆಗೆ ಬಂದಿದ್ದ ಹೆಂಡತಿಗೆ ಹೇಳಿದರು: "ಒತ್ತೋದಕ್ಕೂ ಕಾಲೇಜು ಬೇಕು ಕಣೇ."

ಕೊಟ್ಟ ವ್ಯಾಯಾಮವನ್ನು ಬೇಸರಿಸದೆ ಮನೆಯಲ್ಲೂ ಮಾಡಿದರು. ಒಂದು ದಿನ ಪಾದದ ಹೆಬ್ಬೆರಳು ಎದ್ದಿತು, ಸ್ವಲ್ಪವೇ. ಗುರುಸಿದ್ದಮ್ಮ ಅತ್ತೇಬಿಟ್ಟರು.

ಮೊನ್ನೆ ಕಾಯಿ ಕೀಳುವ ಮೋಹನ್‌ಕುಮಾರ್ ಕಾಲು ಉಳುಕಿಸಿಕೊಂಡು ಕುಂಟುತ್ತ ಬಂದ. "ಒಂದ್ಸಲ ಜಗ್ಗಿಬಿಡಿ ಯಜಮಾನ್ರೇ" ಎಂದ. ಷಡಕ್ಷರಪ್ಪನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಈ ಕೈ ಇನ್ನು ಯಾರನ್ನೂ ಜಗ್ಗಲ್ಲ ಕಣ್ಲಾ. ಗುರುಸಿದ್ದಿ, ಐಸ್ ಬಟ್ಟೇಲಿ ಸುತ್ಕೊಂಡು ಬಾ. ಆಟೋ ಬರ್ಲಿ, ಆಸ್ಪತ್ರೆಗೆ ತೋರಿಸ್ಕೊಂಡು ಬರಾನ" ಎಂದರು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಇದೇ ಮಾತು. ಉಳುಕಿ ಊದಿಕೊಂಡ ಕೈಕಾಲನ್ನು ಜಗ್ಗಬೇಡಿ, ಬಿಸಿ ಎಣ್ಣೆ ಹಾಕಿ ತಿಕ್ಕಬೇಡಿ. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದರೆ, ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಿ. ಅವರು ಸರಿ ಎಂದ ಮೇಲೆ ಕಲಿತವರ ಕೈಗೆ ಮೈ ಕೊಡಿ. ನಿಮ್ಮವರು ನೋವು ಎಂದಾಗ ಪ್ರೀತಿಗೆ ಕೈ ಮುಂದೆ ಬರುತ್ತದೆ, ನಿಜ. ಆ ಗಳಿಗೆ ಒಂದಿಷ್ಟು ಕೈಕಟ್ಟಿ ನಿಲ್ಲಿ. ಷಡಕ್ಷರಪ್ಪನವರೇ ನಿಂತರಲ್ಲ, ನಿಮಗಾಗದೇ?