ಅಳತೆ ಕೊಟ್ಟವರ ಗುಟ್ಟು

ಮೂವತ್ತೆಂಟು, ಅಲ್ಲ, ಉಸಿರು ಬಿಟ್ಟರೆ ಮೂವತ್ತೇಳೂವರೆ, ಈ ಡಾಕ್ಟರು ಟೇಪು ಕಂಡೊಡನೆ ಎದೆ ಉಬ್ಬಿಸುತ್ತಾರೆ, ಇಪ್ಪತ್ತು ವರ್ಷದಿಂದ ಬೊಮ್ಮನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ನನಗೆ ಯಾರ ಎದೆ ಎಷ್ಟು ನಿಜ ಎಂದು ಗೊತ್ತು — ಸಫಾರಿ ಸ್ವಲ್ಪ ಸಡಿಲ ಇರಲಿ ಖಾಜಾಸಾಬ್, ಅಂದಹಾಗೆ ನಿನ್ನ ಹೆಂಡತಿಗೆ ನಿನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಎದೆ ನಡುಗುತ್ತಂತೆ, ಬಾಗಿಲ ಹಿಂದೆ ನಿಂತ್ಕೊಳ್ತಾಳಂತೆ, ಹೋದ ವಾರ ಅತ್ತು ಹೇಳಿದಳು, ಸ್ವಲ್ಪ ಮೆತ್ತಗೆ ನಡಿಯಪ್ಪ — ಎಂದು ನಕ್ಕರು, ಟೇಪಿನೊಳಗೆ ಎದೆ ಕುಲುಕಿತು, ಗುಂಡಿ ಹಚ್ಚಿಸಲು ಬೆಂಚಿನ ಮೇಲೆ ಕೂತಿದ್ದ ಮಂಜಣ್ಣನೂ ನಕ್ಕ. ಕೂಸು ಸತ್ತೇ ಹುಟ್ಟಿದಾಗಿನಿಂದ ಎಂಟು ತಿಂಗಳು ನನ್ನ ಹೆಂಡತಿ ಶಹಜಾನಬಿ ಮಾತೇ ಬಿಟ್ಟಿದ್ದಳು, ತಾಯಿತ ಕಟ್ಟಿಸಿದೆ, ದರ್ಗಾಕ್ಕೆ ಕರೆದೊಯ್ದೆ, ಕೊನೆಗೆ ಮಂಗಳವಾರಕ್ಕೊಮ್ಮೆ ದಾವಣಗೆರೆಯಿಂದ ಬಂದು ಸ್ಟೇಷನ್ ರಸ್ತೆಯ ಮಾಳಿಗೆಯಲ್ಲಿ ಕೂರುವ ಈ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದೆ, ಇಲ್ಲಿ ಮಾತೇ ಔಷಧ, ನೀನು ಹೊರಗೆ ಕೂತ್ಕೋ, ಆಕೆ ಹೇಳಿದ್ದು ಈ ನಾಲ್ಕು ಗೋಡೆ ದಾಟಲ್ಲ, ಎಂದವರು ಇವರೇ, ನಾಲ್ಕು ಮಂಗಳವಾರ ಮೆಟ್ಟಿಲ ಮೇಲೆ ಕೂತೆ, ಆಮೇಲೊಂದು ಬೆಳಿಗ್ಗೆ ಅವಳು ಚಾಪುಡಿ ತೀರೈತಿ ಎಂದಳು, ಅಷ್ಟು ಮಾತಿಗೆ ನಾನು ಹಿತ್ತಲಿಗೆ ಹೋಗಿ ಅತ್ತೆ. ನಾಲ್ಕು ಗೋಡೆಯಂತೆ. ನನ್ನಲ್ಲಿ ರವಿಕೆ ಹೊಲಿಸುವ ಗಾದೆಮ್ಮನ ಮಗಳ ಎಡಭುಜ ಬೆರಳಗಲ ಕೆಳಗಿದೆ, ಅಲ್ಲಿ ಹತ್ತಿ ಇಟ್ಟು ರವಿಕೆ ಹೊಲಿಯುತ್ತೇನೆ, ಹಡಗಲಿಯ ಗಂಡಿನ ಕಡೆಯವರು ಅಂಗಡಿಗೆ ಬಂದು ಹುಡುಗಿ ಹೆಂಗದಾಳ ಸಾಬ್ರೆ ಎಂದಾಗ, ಅಳತಿ ಕೊಟ್ಟೋರ ಮಾತು ನಾ ಆಡಂಗಿಲ್ರಿ, ಹುಡುಗೀನ್ನ ಕೇಳ್ರಿ ಎಂದು ಕಳಿಸಿದೆ, ಹೆಂಡತಿಗೂ ಹೇಳಿಲ್ಲ, ಏಳನೇ ಇಯತ್ತೆ ದಾಟದ ದರ್ಜಿ ನಾನು, ಗೋಡೆ ತುಂಬ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದವರಿಗೆ ಇಷ್ಟು ತಿಳಿಯಬಾರದೇ, ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ — ಸಾಹೇಬ್ರ, ಅಕಿ ನಿಮಗ ಹೇಳಿದ್ದು ನನಗ್ಯಾಕ ಹೇಳಿದ್ರಿ ಎಂದೆ, ಗಂಡನಿಗೇ ತಾನೇ ಹೇಳಿದ್ದು ಮಾರಾಯ, ನಿಮ್ಮ ಒಳ್ಳೇದಕ್ಕೆ, ನಾ ಹೇಳಿದೆ ಅನ್ನಬೇಡ, ಪ್ಯಾಂಟಿನ ಅಳತೆ ತಗೋ ಎಂದರು. ಗಂಡನಿಗೆ ಹೇಳುವಂತಿದ್ದರೆ ಅವಳು ನಿಮ್ಮ ಮಾಳಿಗೆ ಯಾಕೆ ಹತ್ತುತ್ತಿದ್ದಳು. ಅಳತೆ ತಗೊಳ್ಳಲಿಲ್ಲ, ಬ್ಯಾರೆ ದರ್ಜಿ ನೋಡ್ಕೋರಿ ಎಂದು ಟೇಪು ಸುತ್ತಿಟ್ಟು ಮನೆಗೆ ಹೊರಟೆ.

ಆದರೆ ಕೇಳಿದ್ದನ್ನು ಕಿವಿಯಿಂದ ತೆಗೆಯುವುದು ಹೇಗೆ, ಹೊಡೆದವನಲ್ಲ ನಾನು, ತಟ್ಟೆ ಎಸೆದವನು, ಹೌದು, ಎರಡು ಸಲ, ಮೂಕಿ ಎಂದು ಕಿರುಚಿದವನು, ತಪ್ಪು ನನ್ನದೇ, ಅದನ್ನು ಅವಳೇ ಒಂದು ದಿನ ನನ್ನ ಮುಖಕ್ಕೆ ಹೇಳುತ್ತಿದ್ದಳೇನೋ, ಆ ದಿನವನ್ನು ಆ ಮನುಷ್ಯ ಕಿತ್ತುಕೊಂಡ, ಮಂಜಣ್ಣನ ಮುಂದೆ ನಗುತ್ತ — ಓಣಿಯ ತಿರುವಿನಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ, ನನ್ನ ಸಪ್ಪಳ ಅವಳಿಗಿನ್ನು ಬೇಡ, ಬರಿಗಾಲಲ್ಲಿ ನನ್ನ ಮನೆಗೆ ನಾನೇ ಕಳ್ಳನ ಹಾಗೆ ಬಂದೆ, ಅವಳು ಹೊಸಿಲ ಬಿಸಿಲಲ್ಲಿ ಕೂತು ಅಂಗಡಿಯ ರವಿಕೆಗೆ ಹುಕ್ಕು ಹಚ್ಚುತ್ತಿದ್ದಾಳೆ, ತಲೆ ಎತ್ತಿದಳು, ನನ್ನ ಕಾಲು ನೋಡಿದಳು, ಕೈಯಲ್ಲಿನ ಚಪ್ಪಲಿ ನೋಡಿದಳು, ಡಾಕ್ಟರ್ ಹೇಳಿದ್ರೇನು ಎಂದಳು. ಇಲ್ಲ ಎಂದೆ. ಹೇಳೂವಾಗ ಎಷ್ಟು ಮಂದಿ ಇದ್ರು ಎಂದಳು. ಚಪ್ಪಲಿ ಹೊಸಿಲ ಪಕ್ಕ ಇಟ್ಟೆ. ಇವತ್ತು ಮಂಗಳವಾರ, ಮೂರಕ್ಕ ಡಾಕ್ಟರ ಹತ್ರ ನಿನ್ನ ಪಾಳಿ ಐತಿ, ಆ ಮನಷ್ಯಾ ಬ್ಯಾಡ, ಬಳ್ಳಾರಿಗೆ ಹೋಗೂಣು, ಬ್ಯಾರೆ ಡಾಕ್ಟರ್ ಅದಾರ ಎಂದೆ, ಇಲ್ಲಂದ್ರ ನನ್ನ ಬೈ, ನೀನೂ ತಟ್ಟಿ ಎಸಿ, ಏನರೆ ಅನ್ನು ಶಹಜಾನ ಎಂದೆ, ಅವಳು ದಾರದ ತುದಿ ಹಲ್ಲಿನ ನಡುವೆ ಇಟ್ಟು ಕಚ್ಚಿದಳು, ಕಡಿಯಲಿಲ್ಲ, ಬಿಡಲೂ ಇಲ್ಲ, ತುಟಿ ಮುಚ್ಚಿತು, ಸ್ಟೇಷನ್ ಕಡೆ ಗಾಡಿ ಕೂಗಿತು, ಗಂಟೆ ಎರಡಾಯಿತು, ಮೂರಾಯಿತು, ದಾರ ಕಡಿ ಎಂದೆ, ಮುಚ್ಚಿದ ತುಟಿ, ಬಿಳಿ ದಾರ, ಮುಚ್ಚಿದ ತುಟಿಯಿಂದ ಹೊರಗೆ ಇಳಿಬಿದ್ದ ಬಿಳಿ ದಾರ